ಇಂಗ್ಲಿಷಿನ ಗುಣವಾಚಕವೂ ತುಮಂತವೂ: ಚಿಕ್ಕೋಡಿ–ಅಥಣಿ ಸೀಮೆಯ ಕನ್ನಡದ ಬೆಳಕಿನಲ್ಲಿ

ಇಂಗ್ಲಿಷ್ ಭಾಷೆಯಲ್ಲಿ ಗುಣವಾಚಕದ ಬೆನ್ನಿಗೆ 'ಟು' ಎಂಬುದನ್ನು ಮುಂದಿಟ್ಟುಕೊಂಡ ಕ್ರಿಯಾರೂಪವು ಬರುವ ರಚನೆಯು ಬಹು ಸಾಮಾನ್ಯವಾದುದು. 'ಈಸಿ ಟು ರೀಡ್', 'ಈಗರ್ ಟು ಲರ್ನ್', 'ಲೈಕ್ಲಿ ಟು ಕಮ್', 'ಸಾರಿ ಟು ಹಿಯರ್' ಎಂಬಂಥ ಪ್ರಯೋಗಗಳಿಲ್ಲದೆ ಆ ಭಾಷೆಯ ಬರವಣಿಗೆ ಬಹುದೂರ ಸಾಗದು. ಈ ಕ್ರಿಯಾರೂಪವನ್ನು ಸಂಸ್ಕೃತದ 'ಕರ್ತುಂ', 'ದ್ರಷ್ಟುಂ' ಎಂಬವುಗಳ ಸಾಮ್ಯದಿಂದ ತುಮಂತವೆಂದು ಕರೆಯಬಹುದು. ಕನ್ನಡದಲ್ಲಿ ಅದರ ಸ್ಥಾನದಲ್ಲಿ ನಿಲ್ಲುವವು 'ಮಾಡಲು', 'ಮಾಡಲಿಕ್ಕೆ', 'ಮಾಡುವುದಕ್ಕೆ' ಎಂಬ ರೂಪಗಳು. ಯಾವ ಗುಣವಾಚಕದ ಮುಂದೆ ತುಮಂತವು ಸಲ್ಲುತ್ತದೆ, ಯಾವುದರ ಮುಂದೆ ಸಲ್ಲದು, ಸಂದಲ್ಲಿ ಅರ್ಥವು ಹೇಗೆ ಹೊರಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಶಾಲೆಗಳಲ್ಲಿ ನಡೆದುಬಂದ ವ್ಯಾಕರಣಗಳು ನಾಲ್ಕಾರು ಪಂಕ್ತಿಗಳಲ್ಲಿ ಮುಗಿಸಿಬಿಟ್ಟಿವೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಿದ್ಯಾರ್ಥಿಗೆ ಈ ಸಂಕ್ಷೇಪದಿಂದ ಆಗಿರುವ ನಷ್ಟವು ಅಲ್ಪವಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಇಲ್ಲವೆ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಎಂಬಂತೆ ಎರಡು ನುಡಿಗಳ ನಡುವೆ ಬೆಳೆದ ಹುಡುಗನು ಮೂರನೆಯದಾಗಿ ಇಂಗ್ಲಿಷಿಗೆ ಬರುತ್ತಾನೆ. ಆತನು ಅರ್ಜಿಯ ಮೊದಲ ವಾಕ್ಯದಲ್ಲಿಯೇ 'ಕೇಪಬಲ್ ಟು ಡೂ' ಎಂದು ಬರೆದರೆ ಓದುವವನು ಅದನ್ನು ಅಜ್ಞಾನವೆಂದೆಣಿಸಿ ಕಾಗದವನ್ನು ಬದಿಗಿಡುವ ಸಂಭವವುಂಟು. ಅದು ಅಜ್ಞಾನವೋ, ಇನ್ನೊಂದು ವ್ಯಾಕರಣದ ಶಿಸ್ತಾದ ಅನುಸರಣೆಯೋ ಎಂಬುದನ್ನು ಪರೀಕ್ಷಿಸಿದವರು ಕಡಿಮೆ.

ಈ ಸೀಮೆಯು 1956ರ ವರೆಗೆ ಮುಂಬಯಿಗೆ ಸೇರಿದ್ದಿತು. ರಾಯಬಾಗವಾದರೋ 1949ರ ವಿಲೀನದ ತನಕ ಕೊಲ್ಹಾಪುರ ಸಂಸ್ಥಾನದ ಭಾಗವಾಗಿದ್ದಿತು. ಹೀಗಾಗಿ ಇಲ್ಲಿಗೆ ಇಂಗ್ಲಿಷ್ ವ್ಯಾಕರಣವು ಬಂದುದು ಪಶ್ಚಿಮದ ದಾರಿಯಿಂದ. ಉತ್ತರಭಾರತದಲ್ಲಿ ವಿದ್ಯಾಧಿಕಾರಿಯಾಗಿದ್ದ ಜೆ. ಸಿ. ನೆಸ್‌ಫೀಲ್ಡನು 19ನೆಯ ಶತಮಾನದ ಕೊನೆಯಲ್ಲಿ ರಚಿಸಿದ ವ್ಯಾಕರಣಗಳೂ, ಮುಂಬಯಿ ಆಧಿಪತ್ಯದ ವಿದ್ಯಾ ಇಲಾಖೆಯಲ್ಲಿದ್ದ ಪಿ. ಸಿ. ರೆನ್ನನು ಎಚ್. ಮಾರ್ಟಿನ್ನನೊಡನೆ 1930ರ ದಶಕದಲ್ಲಿ ಹೊರತಂದ ಪ್ರೌಢಶಾಲಾ ವ್ಯಾಕರಣವೂ ತಲೆಮಾರುಗಳ ವರೆಗೆ ಭಾರತದ ಶಾಲೆಗಳನ್ನು ಆಳಿದವು. ಎರಡನೆಯದು ಇಂದಿಗೂ ಅಚ್ಚಾಗುತ್ತಿದೆ. ಇವುಗಳಲ್ಲಿ ನೆಸ್‌ಫೀಲ್ಡನದು ಹೆಚ್ಚು ವಿವೇಕದ ಕ್ರಮ. ಆತನು ನಾಮದಂತೆ ನಡೆಯುವ ತುಮಂತವನ್ನೂ, ಬೇರೊಂದು ಪದಕ್ಕೆ ವಿಶೇಷಣವಾಗಿ ನಿಲ್ಲುವ ತುಮಂತವನ್ನೂ ಬೇರ್ಪಡಿಸಿ, ಗುಣವಾಚಕದ ಮುಂದೆ ಬರುವುದು ಎರಡನೆಯದೆಂದು ಸ್ಪಷ್ಟಪಡಿಸಿದನು. ಆದರೆ ಅಲ್ಲಿಗೇ ನಿಂತನು. ರೆನ್–ಮಾರ್ಟಿನ್ನರ ಪುಸ್ತಕದಲ್ಲಿ, ಗುಣವಾಚಕವನ್ನು ವಿಶೇಷಿಸುವ ತುಮಂತಕ್ಕೆ ಉದಾಹರಣೆಗಳಾಗಿ ಅಂಜೂರವು ತಿನ್ನಲು ಒಳ್ಳೆಯದೆಂಬ ವಾಕ್ಯವೂ ಹುಡುಗರು ಕಲಿಯಲು ಕಾತರರೆಂಬ ವಾಕ್ಯವೂ ಒಂದೇ ಶೀರ್ಷಿಕೆಯ ಕೆಳಗೆ ಒಂದರ ಪಕ್ಕದಲ್ಲೊಂದು ಕುಳಿತಿವೆ. ಅಂಜೂರವು ತಿನ್ನುವುದಿಲ್ಲ, ಅದನ್ನು ತಿನ್ನುತ್ತಾರೆ. ಹುಡುಗರನ್ನು ಕಲಿಯುವುದಿಲ್ಲ, ಅವರೇ ಕಲಿಯುತ್ತಾರೆ. ಈ ಭೇದವನ್ನು ಹೇಳದೆ ಬಿಟ್ಟ ವ್ಯಾಕರಣವು ರಚನೆಯ ಹೊರಮೈಯನ್ನು ಮಾತ್ರ ಕಂಡಿತೆನ್ನಬೇಕಾಗುತ್ತದೆ.

ಡೇನಿಷ್ ವಿದ್ವಾಂಸ ಯೆಸ್ಪರ್ಸನ್ನನು 1909ರಿಂದ 1949ರ ವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ತನ್ನ ಮಹಾವ್ಯಾಕರಣದಲ್ಲಿ ಈ ಭೇದವನ್ನು ಚೆನ್ನಾಗಿ ಗುರುತಿಸಿ, ಅಂಜೂರದ ಮಾದರಿಯ ತುಮಂತವು ಹಿಂದಿನ ನಾಮವನ್ನು ಕರ್ಮವನ್ನಾಗಿ ಹಿಂದಿರುಗಿ ಹಿಡಿಯುತ್ತದೆಂದು ಅದಕ್ಕೆ ಹೆಸರನ್ನೇ ಕೊಟ್ಟನು. 1960ರ ದಶಕದಲ್ಲಿ ಅಮೆರಿಕದ ಚಾಮ್‌ಸ್ಕಿಯು 'ಈಸಿ' ಮತ್ತು 'ಈಗರ್' ಎಂಬೆರಡನ್ನೇ ಬದಲಿಸಿದ ಜೋಡಿವಾಕ್ಯಗಳನ್ನು ಮುಂದಿಟ್ಟು, ಮೇಲುನೋಟಕ್ಕೆ ಒಂದೇ ಆದ ವಾಕ್ಯಗಳ ಅಂತರಂಗವು ಬೇರೆಯಾಗಿರಬಹುದೆಂದು ವಾದಿಸಿದ ಮೇಲೆ ಈ ಭೇದವು ಲೋಕಪ್ರಸಿದ್ಧವಾಯಿತು. ಕನ್ನಡಿಗನಿಗಾದರೋ ಇದರಲ್ಲಿ ಬೆರಗುಪಡುವಂಥದೇನೂ ಇಲ್ಲ. 'ಹುಡುಗನು ಓದಲು ಉತ್ಸುಕನು', 'ಪುಸ್ತಕವು ಓದಲು ಸುಲಭವು' ಎಂಬೆರಡರಲ್ಲಿ ಓದುವವರಾರೆಂಬ ಸಂಶಯವು ಯಾವ ಮಗುವಿಗೂ ಹುಟ್ಟದು. ಇನ್ನೂ ಸ್ವಾರಸ್ಯವಾದುದೆಂದರೆ, ಇಂಗ್ಲಿಷಿನಲ್ಲಿ 'ರೆಡಿ ಟು ಈಟ್' ಎಂಬುದು ಹೇಗೆ ದ್ವ್ಯರ್ಥವೋ ಕನ್ನಡದಲ್ಲಿ 'ಕೋಳಿ ತಿನ್ನಲು ಸಿದ್ಧವಾಗಿದೆ' ಎಂಬುದೂ ಹಾಗೆಯೇ ದ್ವ್ಯರ್ಥ. ಕಾಳು ಹಾಕಿದ ಅಂಗಳದಲ್ಲಿ ಒಂದರ್ಥ, ಅಡಿಗೆಮನೆಯಲ್ಲಿ ಇನ್ನೊಂದು. ಎರಡು ಭಾಷೆಗಳು ಒಂದೇ ಸ್ಥಳದಲ್ಲಿ ಒಂದೇ ಬಗೆಯಾಗಿ ಎಡವುತ್ತವೆಯೆಂದರೆ ಅವುಗಳ ನಡಿಗೆಯಲ್ಲಿ ಸಾಮ್ಯವಿರಲೇಬೇಕು.

ಆ ಸಾಮ್ಯದ ಮೂಲವು ವಿಭಕ್ತಿಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ 'ಟು' ಎಂಬುದು ಚತುರ್ಥೀವಿಭಕ್ತಿಯಲ್ಲಿದ್ದ ಭಾವನಾಮದ ಮುಂದೆ ಬರುತ್ತಿದ್ದ ಪದ. ತಿನ್ನುವುದಕ್ಕೆ ಒಳ್ಳೆಯದು ಎಂಬುದೇ ಅದರ ಮೂಲಾರ್ಥ. ಕನ್ನಡದ 'ಮಾಡಲಿಕ್ಕೆ', 'ಮಾಡುವುದಕ್ಕೆ' ಎಂಬವುಗಳಲ್ಲಿ ಚತುರ್ಥಿಯ 'ಕ್ಕೆ' ಬರಿಗಣ್ಣಿಗೆ ಕಾಣುತ್ತದೆ. ಹಳಗನ್ನಡದ 'ಅಲ್ಕೆ' ಎಂಬ ರೂಪದಲ್ಲಿಯೂ ಅದುಂಟು. ಮರಾಠಿಯ 'ಕರಾಯಲಾ', 'ಬಘಾಯಲಾ' ಎಂಬವುಗಳ ಕೊನೆಯ 'ಲಾ' ಆ ಭಾಷೆಯ ಚತುರ್ಥಿಯೇ. ಚಿಕ್ಕೋಡಿ–ಅಥಣಿಗಳ ಆಡುನುಡಿಯಲ್ಲಿ 'ಮಾಡಲಿಕ್ಕೆ' ಎಂಬುದು ಸವೆದು 'ಮಾಡಾಕ', 'ಮಾಡ್ಲಾಕ' ಎಂದಾಗಿದೆ. 'ನೋಡಾಕ ಚಂದ ಐತಿ', 'ತಿನ್ನಾಕ ರುಚಿ ಐತಿ', ಅಥಣಿಯ ಚಪ್ಪಲಿಯಾದರೆ 'ಮೆಟ್ಟಾಕ ಹಗುರ ಐತಿ'. ಇವನ್ನು ಪದಕ್ಕೆ ಪದವಿಟ್ಟು ಮರಾಠಿಗೆ ತಿರುಗಿಸಿದರೆ 'ಬಘಾಯಲಾ ಸುಂದರ ಆಹೇ', 'ಖಾಯಲಾ ಗೋಡ ಆಹೇ' ಎಂಬ ಮಾದರಿಯ ವಾಕ್ಯಗಳೇ ದೊರೆಯುತ್ತವೆ. 'ಮಾಡಾಕ ತಯಾರ' ಎಂಬುದು 'ಕರಾಯಲಾ ತಯಾರ' ಎಂಬುದರ ನೆರಳೋ, ಎರಡೂ ಪರಸ್ಪರ ನೆರಳೋ ಎಂದು ನಿರ್ಣಯಿಸುವುದು ವ್ಯರ್ಥಶ್ರಮ.

ಈ ಬಗೆಯ ಸಮೀಕರಣವು ಗಡಿಯಾಚೆಗೆ ಶಾಸ್ತ್ರೀಯವಾಗಿ ಪರಿಶೀಲಿತವಾಗಿದೆ. ಕಾಗವಾಡದಿಂದ ಮಿರಜನ್ನು ದಾಟಿದರೆ ದೊರೆಯುವ ಕುಪವಾಡವೆಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳಿಂದ ಒಟ್ಟಿಗಿದ್ದು, ಶಬ್ದಗಳು ಬೇರೆಬೇರೆಯಾಗಿ ಉಳಿದರೂ ವಾಕ್ಯದ ಎರಕವು ಒಂದೇ ಆಗಿಬಿಟ್ಟಿದೆಯೆಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಮೈಸೂರು ಕಡೆಯ ಕನ್ನಡವು 'ನೋಡಲು ಚೆಂದ' ಎಂದು ನಿಲ್ಲಿಸಬಲ್ಲಲ್ಲಿ ಅಲ್ಲಿಯ ಕನ್ನಡವು ಮರಾಠಿಯ 'ಆಹೇ' ಎಂಬುದಕ್ಕೆ ಸಮನಾಗಿ 'ಐತಿ'ಯನ್ನು ಅಪೇಕ್ಷಿಸುತ್ತದೆ. ಇಂಗ್ಲಿಷಿನ 'ಈಸ್' ಎಂಬುದೂ ಅದನ್ನೇ ಅಪೇಕ್ಷಿಸುತ್ತದೆ. ಅಂದಮೇಲೆ ಗಡಿಸೀಮೆಯ ಹುಡುಗನ ಬಾಯಲ್ಲಿರುವ ವಾಕ್ಯವು, ಶಾಲೆಯಲ್ಲಿ ಕಲಿಸುವ ಗ್ರಾಂಥಿಕ ಕನ್ನಡದ ವಾಕ್ಯಕ್ಕಿಂತ ಇಂಗ್ಲಿಷಿಗೆ ಒಂದು ಹೆಜ್ಜೆ ಹತ್ತಿರವಾಗಿಯೇ ಇದೆ. ಆಡುನುಡಿಯು ಇಂಗ್ಲಿಷ್ ಕಲಿಕೆಗೆ ವಿಘ್ನವೆಂದು ಹೇಳುವವರು ಈ ಮಾತನ್ನು ಗಮನಿಸತಕ್ಕದ್ದು.

ಹಾಗಾದರೆ ತಪ್ಪುಗಳು ಹುಟ್ಟುವುದೆಲ್ಲಿ? ಸಾಮ್ಯವಿದ್ದಲ್ಲಿ ಅಲ್ಲ, ಕನ್ನಡದ ತುಮಂತವು ಇಂಗ್ಲಿಷಿನದಕ್ಕಿಂತ ವಿಶಾಲವಾಗಿರುವಲ್ಲಿಯೂ, ಕ್ವಚಿತ್ತಾಗಿ ಅದಕ್ಕಿಂತ ಕಿರಿದಾಗಿರುವಲ್ಲಿಯೂ.

ವೈಶಾಲ್ಯದ ಪಕ್ಷವನ್ನು ಮೊದಲು ನೋಡತಕ್ಕದ್ದು. 'ಮಾಡಲು ಶಕ್ತ', 'ಮಾಡಲು ಸಮರ್ಥ', 'ಮಾಡಲು ಯೋಗ್ಯ', 'ಮಾಡಲು ಆಸಕ್ತ' ಎಂಬ ನಾಲ್ಕೂ ಕನ್ನಡದಲ್ಲಿ ನಿರ್ದುಷ್ಟ. ಇಂಗ್ಲಿಷಿನಲ್ಲಿ 'ಏಬಲ್' ಎಂಬುದೊಂದೇ ತುಮಂತವನ್ನು ನಿರಾತಂಕವಾಗಿ ಸ್ವೀಕರಿಸುತ್ತದೆ. 'ಕೇಪಬಲ್' ಎಂಬುದಕ್ಕೆ 'ಆಫ್ ಡೂಯಿಂಗ್' ಬೇಕು. 'ವರ್ತ್' ಎಂಬುದು 'ಸೀಯಿಂಗ್' ಎಂಬುದನ್ನು ನೇರವಾಗಿ ಬಯಸುತ್ತದೆ, 'ವರ್ತ್ ಟು ಸೀ' ಎಂಬುದು ಸಲ್ಲದು. 'ಇಂಟರೆಸ್ಟೆಡ್' ಎಂಬುದು ಇನ್ನೂ ಸೂಕ್ಷ್ಮ. ಕೇಳುವ, ತಿಳಿಯುವ, ನೋಡುವ ಅರ್ಥದ ಕ್ರಿಯೆಗಳು ಬಂದಲ್ಲಿ 'ಇಂಟರೆಸ್ಟೆಡ್ ಟು ಹಿಯರ್' ಎಂಬುದು ಶುದ್ಧ ಪ್ರಯೋಗ, ಸೇರುವ ಮಾಡುವ ಅರ್ಥದಲ್ಲಿ 'ಇನ್' ಎಂಬುದೇ ಶಿಷ್ಟರ ರೂಢಿ. 'ಇಂಟರೆಸ್ಟೆಡ್ ಟು' ಎಂಬುದನ್ನು ಒಟ್ಟಿಗೆ ತಪ್ಪೆಂದು ಕೆಂಪು ಗೆರೆ ಎಳೆಯುವ ಉಪಾಧ್ಯಾಯನು ಆದುದರಿಂದ ಅರ್ಧ ಸರಿ, ಅರ್ಧ ತಪ್ಪು. 'ಏಬಲ್' ಮತ್ತು 'ಕೇಪಬಲ್' ಎಂಬವು ಅರ್ಥದಲ್ಲಿ ಇಷ್ಟು ಸಮೀಪವಾಗಿದ್ದೂ ನಡತೆಯಲ್ಲಿ ಭಿನ್ನವಾಗಿರುವುದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ, ಪ್ರಯೋಗದಲ್ಲಿ ಮಾತ್ರ ಉಂಟು.

'ಪಾಸಿಬಲ್' ಎಂಬ ಶಬ್ದದ ವಿಷಯದಲ್ಲಿ ಗೊಂದಲವು ಪರಾಕಾಷ್ಠೆಗೆ ಮುಟ್ಟುತ್ತದೆ. 'ಅವನು ಬರಲು ಸಾಧ್ಯ' ಎಂಬ ಗ್ರಂಥಸ್ಥ ಕನ್ನಡವನ್ನು ಎದುರಿಗಿಟ್ಟುಕೊಂಡವನು 'ಹೀ ಈಸ್ ಪಾಸಿಬಲ್ ಟು ಕಮ್' ಎಂದು ಬರೆಯುವುದು ಸಹಜ. ಇಂಗ್ಲಿಷಾದರೋ ಇಲ್ಲಿ ಕರ್ತೃವನ್ನು ವಾಕ್ಯದ ಆದಿಗೆ ಬರಗೊಡದೆ, ನಿರರ್ಥಕವಾದ 'ಇಟ್' ಎಂಬುದನ್ನು ಅಲ್ಲಿ ಕೂಡಿಸಿ, ನಿಜವಾದ ಕರ್ತೃವನ್ನು 'ಫಾರ್ ಹಿಮ್' ಎಂದು ಹಿಂದಕ್ಕೆ ತಳ್ಳುತ್ತದೆ. ಇದನ್ನು ವಿದೇಶೀಯವಾದ ವಕ್ರತೆಯೆಂದು ಭಾವಿಸುವುದಕ್ಕೆ ಮುನ್ನ ಗಡಿಸೀಮೆಯ ಆಡುನುಡಿಯನ್ನು ಕೇಳಬೇಕು. ಅಲ್ಲಿ 'ಅವಗ ಬರಾಕ ಆಗೂದಿಲ್ಲ' ಎನ್ನುತ್ತಾರೆ. ಮರಾಠಿಯಲ್ಲಿ 'ತ್ಯಾಲಾ ಯೇಣೇ ಶಕ್ಯ ನಾಹೀ'. 'ಅವಗ', 'ತ್ಯಾಲಾ', 'ಫಾರ್ ಹಿಮ್' ಇವು ಮೂರೂ ಒಂದೇ ಸ್ಥಾನದಲ್ಲಿವೆ. ಪಾಠವನ್ನು 'ಅವನು ಬರಲು ಸಾಧ್ಯ' ಎಂಬಲ್ಲಿಂದ ಆರಂಭಿಸದೆ 'ಅವಗ' ಎಂಬಲ್ಲಿಂದ ಆರಂಭಿಸಿದ್ದರೆ ಆ ತಪ್ಪಿಗೆ ಅವಕಾಶವೇ ಕಡಿಮೆಯಾಗುತ್ತಿತ್ತು.

ಇದಕ್ಕೆ ವಿರುದ್ಧವಾದ ಅಪಾಯವೂ ಒಂದುಂಟು. 'ನನಗೆ ಹಸಿವು', 'ನನಗೆ ಬೇಕು', 'ನನಗೆ ಗೊತ್ತು' ಎಂಬವುಗಳ ಭಾಷಾಂತರದಲ್ಲಿ 'ನನಗೆ' ಎಂಬುದಕ್ಕೆ 'ಐ' ಎಂದೇ ಬರೆಯಬೇಕೆಂದು ಹುಡುಗನು ಅಭ್ಯಾಸಮಾಡಿಕೊಂಡಿರುತ್ತಾನೆ. ಅದೇ ಅಭ್ಯಾಸದ ಬಲದಿಂದ 'ನನಗೆ ಈ ಲೆಕ್ಕ ಮಾಡಲು ಕಷ್ಟ' ಎಂಬುದು 'ಐ ಆಮ್ ಡಿಫಿಕಲ್ಟ್ ಟು ಡೂ' ಎಂದಾಗುತ್ತದೆ. ಲೆಕ್ಕದ ಕಾಠಿಣ್ಯವು ಹುಡುಗನ ಸ್ವಭಾವಕ್ಕೆ ಅಂಟಿಕೊಳ್ಳುತ್ತದೆ. ಹಾಗೆಯೇ 'ಈ ಪುಸ್ತಕವು ಓದಲು ಸುಲಭ' ಎಂಬುದನ್ನು 'ಈಸಿ ಟು ರೀಡ್ ಇಟ್' ಎಂದು ಬರೆದರೆ ಕನ್ನಡವನ್ನು ದೂರುವಂತಿಲ್ಲ. 'ಈ ಪುಸ್ತಕವು ಅದನ್ನು ಓದಲು ಸುಲಭ' ಎಂದು ಕನ್ನಡಿಗನಾರೂ ಆಡುವುದಿಲ್ಲ. ಸಕರ್ಮಕಕ್ಕೆ ಕರ್ಮವಿರಲೇಬೇಕೆಂದು ಇಂಗ್ಲಿಷ್ ವ್ಯಾಕರಣದಲ್ಲಿ ಕಲಿತ ನಿಯಮವೇ ಆ 'ಇಟ್' ಎಂಬುದನ್ನು ತಂದಿರಬೇಕು. ಆದರೆ 'ಕುರ್ಚಿಯು ಕುಳಿತುಕೊಳ್ಳಲು ಹಿತವಾಗಿದೆ' ಎಂಬಲ್ಲಿ ಕನ್ನಡವು ನಿಜವಾಗಿ ದಾರಿ ತಪ್ಪಿಸುತ್ತದೆ. ಇಂಗ್ಲಿಷಿಗೆ ಕೊನೆಯಲ್ಲಿ 'ಆನ್' ಎಂಬುದು ಬೇಕು, ಅದರ ಗುರುತೇ ಕನ್ನಡದಲ್ಲಿಲ್ಲ.

'ಶೂರ್' ಎಂಬುದು ಅರ್ಥಹಾನಿಯ ಕ್ಷೇತ್ರ. ಒಬ್ಬನು 'ಶೂರ್ ಟು ವಿನ್' ಎಂದರೆ ಅವನು ಗೆಲ್ಲುವನೆಂಬ ನಿಶ್ಚಯವು ಹೇಳುವವನದು. 'ಶೂರ್ ಆಫ್ ವಿನ್ನಿಂಗ್' ಎಂದರೆ ಆ ನಿಶ್ಚಯವು ಗೆಲ್ಲಹೊರಟವನದೇ. ಮೊದಲನೆಯದರಲ್ಲಿ ಆತನಿಗೆ ತನ್ನ ಗೆಲುವಿನ ಕಲ್ಪನೆಯೇ ಇಲ್ಲದಿರಬಹುದು. ಎರಡನೆಯದರಲ್ಲಿ ಆತನು ಸೋತೇಹೋಗಬಹುದು. ಸಾಕ್ಷಿಯ ಹೇಳಿಕೆಯಲ್ಲಾಗಲಿ, ಯೋಗ್ಯತಾಪತ್ರದಲ್ಲಾಗಲಿ ಒಂದರ ಬದಲು ಇನ್ನೊಂದು ಬಂದರೆ ಮಾತಿನ ಹೊಣೆಯು ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುತ್ತದೆ. 'ಲೈಕ್ಲಿ' ಎಂಬುದೂ 'ಶೂರ್ ಟು' ಎಂಬುದರ ಗುಂಪಿನದೇ. ಅದರ ಸಮಾನಾರ್ಥಕವೆನಿಸಿದ 'ಪ್ರಾಬಬಲ್' ಎಂಬುದು ಮಾತ್ರ ಆ ಗುಂಪಿಗೆ ಸೇರದು. ಇವೆಲ್ಲವನ್ನೂ ಕನ್ನಡವು 'ಖಂಡಿತ', 'ಬಹುಶಃ' ಎಂಬ ಅವ್ಯಯಗಳಿಂದ ಸಾಧಿಸುವುದರಿಂದ ಇಲ್ಲಿ ತುಮಂತದ ಸಹಾಯವು ದೊರೆಯದು.

ಕನ್ನಡವು ಕಿರಿದಾಗುವ ಪಕ್ಷಕ್ಕೆ 'ಗ್ಲ್ಯಾಡ್', 'ಸಾರಿ' ಎಂಬವು ನಿದರ್ಶನ. ಇವುಗಳ ಮುಂದಿನ ತುಮಂತವು ಭಾವಕ್ಕೆ ಕಾರಣವನ್ನು ಹೇಳುತ್ತದೆ. ಕನ್ನಡದಲ್ಲಿ ಇದು 'ಕೇಳಿ ದುಃಖವಾಯಿತು', 'ನೋಡಿ ಸಂತೋಷವಾಯಿತು' ಎಂದು ಭೂತಕೃದಂತದಿಂದ ಸಾಗತಕ್ಕ ಅರ್ಥ. 'ಕೇಳಲು ದುಃಖವಾಯಿತು' ಎಂದರೆ ಇಂದಿನ ಕಿವಿಗೆ ಒಗ್ಗದು. ನಡುಗನ್ನಡದ ಷಟ್ಪದಿಕಾರರು 'ಎನಲು', 'ಕೇಳಲು' ಎಂಬ ರೂಪಗಳನ್ನು 'ಎಂದಾಗ', 'ಕೇಳಿದಾಗ' ಎಂಬರ್ಥದಲ್ಲಿ ಧಾರಾಳವಾಗಿ ಬಳಸಿದ್ದುಂಟು. ಆ ಪ್ರಯೋಗವು ಉಳಿದುಬಂದಿದ್ದರೆ 'ಸಾರಿ ಟು ಹಿಯರ್' ಎಂಬುದು ಕನ್ನಡಿಗನಿಗೆ ಮನೆಯ ಮಾತಾಗುತ್ತಿತ್ತು. ಕಾವ್ಯವಾಚನದಲ್ಲಿ ಪಳಗಿದ ವಿದ್ಯಾರ್ಥಿಗೆ ಈ ಹಳೆಯ ರೂಪವನ್ನು ನೆನಪಿಸಿ ಪಾಠ ಹೇಳುವುದು ಅಸಾಧ್ಯವೇನಲ್ಲ.

ಇಂಥ ವಿಷಯವನ್ನು ನಿರೂಪಿಸುವ ಮಾದರಿಗಾಗಿ ಭಾರತೀಯನು ಪರದೇಶವನ್ನು ನೋಡಬೇಕಾಗಿಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ತೃತೀಯಾಧ್ಯಾಯದಲ್ಲಿ ತುಮುನ್ ಪ್ರತ್ಯಯವನ್ನು ವಿಧಿಸುವಾಗ, ಅದು ಯಾವ ಧಾತುಗಳ ಸಾನ್ನಿಧ್ಯದಲ್ಲಿ ಬರುತ್ತದೆಂದು ಶಕ್, ಜ್ಞಾ, ಸಹ್, ಅರ್ಹ್ ಮೊದಲಾದವನ್ನು ಹೆಸರಿಸಿ ಹೇಳುತ್ತಾನೆ. ಸಾಮರ್ಥ್ಯದ ಪೂರ್ಣತೆಯನ್ನು ಸೂಚಿಸುವ ಶಬ್ದಗಳನ್ನು ಅರ್ಥವರ್ಗವಾಗಿ ಹೇಳುತ್ತಾನೆ. ಇಚ್ಛಾರ್ಥಕಗಳಲ್ಲಿ ಎರಡು ಕ್ರಿಯೆಗಳಿಗೂ ಕರ್ತೃವು ಒಬ್ಬನೇ ಆಗಿರಬೇಕೆಂಬ ನಿಬಂಧನೆಯನ್ನೂ ಹಾಕುತ್ತಾನೆ. ಅರ್ಥಸಾಮ್ಯವಿರುವಲ್ಲಿ ವರ್ಗವನ್ನೂ, ಇಲ್ಲದಲ್ಲಿ ಶಬ್ದವನ್ನೂ, ಎಲ್ಲ ಕಡೆಯೂ ಕರ್ತೃವಾರೆಂಬುದನ್ನೂ ಹೇಳುವ ಈ ಕ್ರಮವು ರೆನ್–ಮಾರ್ಟಿನ್ನರ ಮೂರು ಉದಾಹರಣೆಗಳಿಗಿಂತ ಎಷ್ಟೋ ಮುಂದುವರಿದುದು. 1954ರಲ್ಲಿ ಎ. ಎಸ್. ಹಾರ್ನ್‌ಬಿಯು ಇಂಗ್ಲಿಷ್ ಕಲಿಯುವ ಅನ್ಯಭಾಷಿಕರಿಗಾಗಿ ಪ್ರಕಟಿಸಿದ ಪ್ರಯೋಗಮಾದರಿಗಳ ಕೈಪಿಡಿಯು ಈ ಪದ್ಧತಿಗೆ ಸಮೀಪವಾದುದು. ಅದು ಜಪಾನಿನಲ್ಲಿ ಪಾಠ ಹೇಳಿದ ಅನುಭವದಿಂದ ಬೆಳೆದುದೆಂಬುದು ಗಮನಾರ್ಹ. ತನ್ನ ಭಾಷೆಯನ್ನು ಇನ್ನೊಬ್ಬರಿಗೆ ಕಲಿಸುವವರೆಗೆ ಅದರ ವಿಚಿತ್ರಗಳು ಕಣ್ಣಿಗೆ ಬೀಳುವುದಿಲ್ಲ.

ಈ ಪಟ್ಟಿಗಳಿಗೆ ಪ್ರಮಾಣವೇನೆಂಬ ಪ್ರಶ್ನೆಯು ಉಳಿದಿದೆ. ಹಳೆಯ ವ್ಯಾಕರಣಕಾರರಿಗೆ ಅವರ ಕಿವಿಯೇ ಪ್ರಮಾಣವಾಗಿದ್ದಿತು. ಭಾರತದಲ್ಲಿ ನಡೆಯುವ ಇಂಗ್ಲಿಷನ್ನು ಎಣಿಸಿ ನೋಡುವ ಮೊದಲ ದೊಡ್ಡ ಪ್ರಯತ್ನವು ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿಯೇ ನಡೆಯಿತೆಂಬುದು ಈ ಸೀಮೆಯ ಉಪಾಧ್ಯಾಯರಿಗೆ ಸಾಕಷ್ಟು ತಿಳಿದಂತಿಲ್ಲ. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿಯವರು, 1978ರಲ್ಲಿ ಭಾರತದಲ್ಲಿ ಅಚ್ಚಾದ ಇಂಗ್ಲಿಷ್ ಬರವಣಿಗೆಯಿಂದ ತಲಾ ಸುಮಾರು 2000 ಶಬ್ದಗಳ 500 ಭಾಗಗಳನ್ನು ಆಯ್ದು, ಒಟ್ಟು ಸುಮಾರು 10 ಲಕ್ಷ ಶಬ್ದಗಳ ಸಂಗ್ರಹವೊಂದನ್ನು ಗಣಕಯಂತ್ರಕ್ಕೆ ಏರಿಸಿದರು. ಇದು 1986ರಲ್ಲಿ ವಿದ್ವಾಂಸರ ಉಪಯೋಗಕ್ಕೆ ಬಂದು 'ಕೊಲ್ಹಾಪುರ ಕಾರ್ಪಸ್' ಎಂದು ಜಗತ್ತಿನಲ್ಲೆಲ್ಲ ಪರಿಚಿತವಾಗಿದೆ. ಅಮೆರಿಕದ 1961ರ ಬರವಣಿಗೆಯಿಂದ ರಚಿತವಾದ ಬ್ರೌನ್ ಸಂಗ್ರಹದ ಮಾದರಿಯನ್ನು ಅನುಸರಿಸಿದುದರಿಂದ ಎರಡನ್ನೂ ಎದುರುಬದುರು ಇಟ್ಟು ನೋಡಬಹುದಾಗಿದೆ. ಗುಣವಾಚಕ ಕ್ರಿಯಾಪದಗಳು ಬೇಡುವ ಪೂರಕರಚನೆಗಳನ್ನು ಇಂಥ ಸಂಗ್ರಹದಿಂದ ಪರಿಶೀಲಿಸುವ ವಿಷಯವನ್ನು ಶಾಸ್ತ್ರಿಯವರೇ 1996ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಎತ್ತಿಕೊಂಡರು.

ಸಂಗ್ರಹದ ಮಿತಿಯನ್ನೂ ಹೇಳಬೇಕು. 10 ಲಕ್ಷ ಶಬ್ದಗಳೆಂದರೆ ಕೇಳಲು ಅಪಾರ; ಆದರೆ 'ಈಗರ್' ಎಂಬಂಥ ಗುಣವಾಚಕವು ಅಷ್ಟರಲ್ಲಿ ಹತ್ತಾರು ಸಲಕ್ಕಿಂತ ಹೆಚ್ಚು ಕಾಣಿಸದು, ಅದರ ಮುಂದೆ ನಿರ್ದಿಷ್ಟ ಕ್ರಿಯೆಯೊಂದು ಬರುವುದು ಒಂದೆರಡು ಸಲ ಮಾತ್ರ. ಅಂಥಲ್ಲಿ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗದು. ಇನ್ನೊಂದು ಆಕ್ಷೇಪವು ಹೆಚ್ಚು ಮೂಲಭೂತವಾದುದು. ಸಂಗ್ರಹದಲ್ಲಿರುವುದೆಲ್ಲ ಅಚ್ಚಾದ ಬರವಣಿಗೆ, ಸಂಪಾದಕರ ಕೈಯಿಂದ ತಿದ್ದಿಸಿಕೊಂಡು ಬಂದುದು. ಚಿಕ್ಕೋಡಿ ತಾಲೂಕಿನ ಸದಲಗಿಯಲ್ಲಿ 1906ರಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಆ. ನೇ. ಉಪಾಧ್ಯೆಯವರು 1935ರ ಪ್ರವಚನಸಾರದ ಆವೃತ್ತಿಗೆ ಬರೆದ ವಿಸ್ತಾರವಾದ ಇಂಗ್ಲಿಷ್ ಪೀಠಿಕೆಯೂ ಈ ಸೀಮೆಯ ಇಂಗ್ಲಿಷೇ. ಅದನ್ನು ತಿದ್ದಬೇಕಾದವರು ಯಾರೂ ಇರಲಿಲ್ಲವೆಂಬುದು ಅದನ್ನು ಓದಿದವರಿಗೆ ಗೊತ್ತು. ಆ ಮಟ್ಟದ ಗದ್ಯಕ್ಕೂ ಶಾಲಾಬಾಲಕನ ಅರ್ಜಿಗೂ ನಡುವಿನ ವಿಶಾಲ ಪ್ರದೇಶದಲ್ಲಿ, ಎಂದರೆ ಪಂಚಾಯತಿಯ ಪತ್ರ, ತಂಬಾಕಿನ ವ್ಯಾಪಾರಿಯ ಒಕ್ಕಣೆ, ಪರೀಕ್ಷೆಯ ಉತ್ತರಪತ್ರಿಕೆ ಇವುಗಳಲ್ಲಿ, ಗುಣವಾಚಕವೂ ತುಮಂತವೂ ದಿನವೂ ಹೇಗೆ ಕೂಡುತ್ತಿವೆಯೆಂಬುದಕ್ಕೆ ಆ ಸಂಗ್ರಹದಲ್ಲಿ ಉತ್ತರವಿಲ್ಲ. ಕನ್ನಡ ಶಾಲೆಯ ಹುಡುಗನ ಪುಸ್ತಕದಲ್ಲಿಯೂ ಮರಾಠಿ ಶಾಲೆಯ ಹುಡುಗನ ಪುಸ್ತಕದಲ್ಲಿಯೂ 'ವರ್ತ್ ಟು ಸೀ' ಎಂಬುದು ಸಮಪ್ರಮಾಣದಲ್ಲಿ ದೊರೆತರೆ, ಅದು ಕನ್ನಡದ ದೋಷವೆಂಬ ಮಾತು ಬಿದ್ದುಹೋಗಿ, ಭಾರತದ ಹಲವು ಭಾಷೆಗಳಲ್ಲಿ ಹರಡಿರುವ 'ಯೋಗ್ಯ' ಶಬ್ದದ ನಡತೆಯನ್ನೇ ವಿಚಾರಿಸಬೇಕಾಗುತ್ತದೆ. ಎರಡೂ ಬಗೆಯ ಶಾಲೆಗಳು ಒಂದೇ ಬೀದಿಯಲ್ಲಿ ದೊರೆಯುವ ನಿಪ್ಪಾಣಿಗಿಂತ ಈ ಪರೀಕ್ಷೆಗೆ ಅನುಕೂಲವಾದ ಊರು ಬೇರೆ ಕಾಣುವುದಿಲ್ಲ.